ಕೈಹಿಡಿದು ನಡೆಸಿದವರು

ಶ್ರಾವಣಮಾಸವು ಬಂದಿತೆಂದರೆ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಸುತ್ತಣ ಹಳ್ಳಿಗಳಲ್ಲಿ, ಮಠದ ಪಡಸಾಲೆಯಲ್ಲಾಗಲಿ ಬಸವಣ್ಣನ ಗುಡಿಯ ಕಟ್ಟೆಯ ಮೇಲಾಗಲಿ, ತಿಂಗಳಪರ್ಯಂತ ಪುರಾಣವು ನಡೆಯುವುದು ಅನೂಚಾನವಾಗಿ ಬಂದ ಪದ್ಧತಿ. ಶಾಸ್ತ್ರಿಗಳು ಷಟ್ಪದಿಯೊಂದರ ಅರ್ಥವನ್ನು ಬಿಡಿಸತೊಡಗುವ ಮುನ್ನ ಅದನ್ನು ರಾಗಬದ್ಧವಾಗಿ ಹಾಡುವುದಕ್ಕೆ ಪೇಟಿಯ ಮುಂದೆ ಒಬ್ಬ ಗವಾಯಿಯೂ ಅವನ ಮಗ್ಗುಲಲ್ಲಿ ಒಬ್ಬ ತಬಲಾ ಸಾಥಿಯೂ ಕುಳಿತಿರಬೇಕು. ಆ ಗವಾಯಿಯು ಕಣ್ಣು ಕಾಣದವನಾಗಿದ್ದರೆ ನಮ್ಮ ಸೀಮೆಯಲ್ಲಿ ಅದು ಯಾರಿಗೂ ವಿಶೇಷವೆನಿಸುವುದಿಲ್ಲ. ಗದಗಿನ ಆಶ್ರಮದವರು ಬಂದಿದ್ದಾರೆಂದರೆ ಸಾಕು, ಊರ ಹಿರಿಯರು ಬಸ್ಸಿನ ನಿಲ್ದಾಣದವರೆಗೆ ಹೋಗಿ ಎದುರುಗೊಂಡು, ಉಣಿಸಿ, ಇರಿಸಿಕೊಂಡು, ಪುರಾಣದ ಮಂಗಲದ ದಿನ ಶಾಲು ಹೊದಿಸಿ, ಸಂಭಾವನೆಯನ್ನು ಕೈಯಲ್ಲಿಟ್ಟು ಬೀಳ್ಕೊಡುತ್ತಾರೆ. ಕಣ್ಣಿಲ್ಲದ ಮನುಷ್ಯನೊಬ್ಬನು ದುಡಿದುಣ್ಣುವ ವಿದ್ವಾಂಸನಾಗಿ ಊರೊಳಗೆ ಬರುವುದನ್ನು ಹೀಗೆ ಸಹಜವೆಂದು ಎಣಿಸುವ ಮಟ್ಟಿಗೆ ಒಂದು ಸೀಮೆಯ ಜನರ ಕಣ್ಣು ಪಳಗಬೇಕಾದರೆ ಅದರ ಹಿಂದೆ ಎಷ್ಟು ವರ್ಷಗಳ, ಎಷ್ಟು ಜನರ ಪರಿಶ್ರಮವಿರಬೇಕೆಂಬುದನ್ನು ನಾವು ಯೋಚಿಸುವುದು ಕಡಿಮೆ. ಆ ಪರಿಶ್ರಮದ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಕಥೆಯು ಆರಂಭವಾಗುವುದು ಗದಗಿನಲ್ಲಲ್ಲ; ಅಂದಿನ ಧಾರವಾಡ ಜಿಲ್ಲೆಗೇ ಸೇರಿದ್ದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅಲ್ಲಿಯ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಬಡ ದಂಪತಿಗಳಿಗೆ 1892ರಲ್ಲಿ ಗದಿಗೆಯ್ಯ ಎಂಬ ಮಗನು ಹುಟ್ಟಿದನು. ಅವನಿಗೂ ಅವನ ಸೋದರ ಗುರುಬಸಯ್ಯನಿಗೂ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ; ಇಬ್ಬರಿಗೂ ಕಂಠವಿತ್ತು. ಅಂದಿನ ದಿನಗಳಲ್ಲಿ ಕಂಠವುಳ್ಳ ಕುರುಡು ಬಾಲಕನ ಮುಂದಿದ್ದ ದಾರಿಯು ಎಲ್ಲರಿಗೂ ತಿಳಿದದ್ದೇ: ಜಾತ್ರೆಯ ತೇರಿನ ಬೀದಿಯಲ್ಲಿ ಬಟ್ಟೆ ಹಾಸಿ ಕುಳಿತು, ಹೋಗುವವರ ಹೆಜ್ಜೆಯ ಸಪ್ಪಳಕ್ಕೆ ದನಿಯೆತ್ತುವುದು. ಜನರು ಕಾಸು ಎಸೆಯುತ್ತಿದ್ದರು. ಅದು ನಿರ್ದಯದ ಕಾಲವೇನೂ ಆಗಿರಲಿಲ್ಲ. ಆದರೆ ಕಾಸನ್ನೆಸೆದ ಕೈಯು ಮುಂದಿನ ಜಾತ್ರೆಯವರೆಗೆ ಆ ಬಾಲಕನನ್ನು ಮರೆಯುತ್ತಿತ್ತು.

ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳು ಮರೆಯದೆ ಹೋದರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ತಡಿಯಲ್ಲಿ ಶಿವಯೋಗಮಂದಿರವನ್ನೂ ಕಟ್ಟಿದ ಆ ಪುರುಷರು ತಮ್ಮ ಹಲವು ಮಹತ್ಕಾರ್ಯಗಳ ನಡುವೆ ಈ ಇಬ್ಬರು ಅಂಧ ಸೋದರರ ಹಾಡನ್ನು ಕೇಳಿ, ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅನ್ನ ಬಟ್ಟೆಗಳನ್ನು ಕೊಟ್ಟು ಮಠದ ಮೂಲೆಯಲ್ಲಿ ಭಜನೆ ಹಾಡಿಸಿಕೊಂಡಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಲೋಕವು ಅದನ್ನೇ ಪುಣ್ಯವೆಂದು ಕೊಂಡಾಡುತ್ತಿತ್ತು. ಸ್ವಾಮಿಗಳು ಗದಿಗೆಯ್ಯನನ್ನು ಕರ್ನಾಟಕ ಸಂಗೀತದ ಅಭ್ಯಾಸಕ್ಕೆಂದು ದೂರದ ಮೈಸೂರಿಗೆ ಕಳುಹಿಸಿದರು. ಹಿಂತಿರುಗಿದ ಮೇಲೆ, ಒಂದು ವಿದ್ಯೆಯು ಸಾಲದೆಂದು, ಹಿಂದುಸ್ತಾನಿ ಪದ್ಧತಿಯನ್ನೂ ಕಲಿಸುವ ಏರ್ಪಾಡನ್ನು ಮಾಡಿದರು. ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಮಿರಜಕರ, ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ್ ಖಾನ್ ಇವರಂಥ ಗುರುಗಳು ಈ ಶಿಷ್ಯನಿಗೆ ದೊರೆತರು. ವಿರಕ್ತಮಠದ ಸ್ವಾಮಿಗಳು ಸಾಕಿದ ಅಂಧ ಜಂಗಮ ಬಾಲಕನು ಮುಸಲ್ಮಾನ ಉಸ್ತಾದರ ಮುಂದೆ ಕುಳಿತು ಖ್ಯಾಲಿನ ಬಢತವನ್ನು ಕಲಿತದ್ದು, ಫಕೀರೇಶ್ವರರಿಗೆ ಹಿಂದೂ ಮುಸಲ್ಮಾನರೆಲ್ಲರೂ ನಡೆದುಕೊಳ್ಳುವ ಶಿರಹಟ್ಟಿಯ ಸೀಮೆಯವರಿಗೆ ಅಸಹಜವೆನಿಸಲಿಕ್ಕಿಲ್ಲವಾದರೂ, ಸ್ಮರಣೆಗೆ ಅರ್ಹವಾದ ಸಂಗತಿ. ಎರಡೂ ಪದ್ಧತಿಗಳಲ್ಲಿ ಪಾರಂಗತನಾದ ಗದಿಗೆಯ್ಯನು ಪಂಚಾಕ್ಷರ ಗವಾಯಿಯಾದನು. ಲೋಕವು ಆತನನ್ನು ಉಭಯಗಾನ ವಿಶಾರದರೆಂದು ಕರೆಯಿತು.

ಕುಮಾರಸ್ವಾಮಿಗಳು ಇಲ್ಲಿಗೇ ನಿಂತಿದ್ದರೂ ಒಬ್ಬ ಮನುಷ್ಯನ ಉದ್ಧಾರವಾಯಿತೆಂದು ನಾವು ಸಂತೋಷಪಡಬಹುದಾಗಿತ್ತು. ಆದರೆ 1914ರಲ್ಲಿ ನಿಡಗುಂದಿಕೊಪ್ಪದಲ್ಲಿ, ಅವರ ಆಶೀರ್ವಾದದಿಂದ, ಪಂಚಾಕ್ಷರ ಗವಾಯಿಗಳು ಸಂಚಾರಿ ಸಂಗೀತ ಪಾಠಶಾಲೆಯೊಂದನ್ನು ಆರಂಭಿಸಿದರು. ಅದಕ್ಕೆ ಕುಮಾರೇಶ್ವರ ಕೃಪಾಪೋಷಿತವೆಂಬ ವಿಶೇಷಣವು ಸೇರಿತು. ಅಂಧರಿಗೂ ಅನಾಥರಿಗೂ ಅನ್ನವಿಟ್ಟು ವಿದ್ಯೆ ಕಲಿಸುವ ಆ ಶಾಲೆಗೆ ಸ್ವಂತದ ಗೋಡೆಯಿರಲಿಲ್ಲ, ಛಾವಣಿಯಿರಲಿಲ್ಲ. ಗುರುವು ಹೋದಲ್ಲಿಗೆ ಶಾಲೆಯು ಹೋಗುತ್ತಿತ್ತು.

ಶಾಲೆಯು ಏಕೆ ಸಂಚಾರಿಯಾಗಬೇಕಾಯಿತೆಂಬುದನ್ನು ಅರಿಯಲು ಅಂದಿನ ನಮ್ಮ ಸೀಮೆಯ ರಾಜಕೀಯ ಭೂಪಟವನ್ನು ಒಮ್ಮೆ ನೋಡಬೇಕು. ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಇಲಾಖೆಗೆ ಸೇರಿದ್ದವು. ಪಂಪನ ಕಾಲದಿಂದ ಪುಲಿಗೆರೆಯೆಂದು ಕನ್ನಡದ ತಿರುಳಿಗೆ ಹೆಸರಾದ ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ ಆಡಳಿತದಲ್ಲಿದ್ದಿತು. ಅದರ ನೆರೆಯ ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಣಕ್ಕೆ ನಡೆದರೆ ಕೊಪ್ಪಳದ ಸೀಮೆ, ನಿಜಾಮನ ರಾಜ್ಯ. ತೆಂಕಣಕ್ಕೆ ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ, ಮದ್ರಾಸು ಇಲಾಖೆ. ಬಂಡಿಯ ಪಯಣದಲ್ಲಿ ಎರಡು ಮೂರು ದಿನಗಳೊಳಗೆ ಐದು ಸರಕಾರಗಳ ಎಲ್ಲೆಯನ್ನು ಮೆಟ್ಟಬೇಕಾದ ಇಂಥ ನಾಡಿನಲ್ಲಿ, ಕಣ್ಣಿಲ್ಲದ ಮಗುವಿನ ತಂದೆಯು ಯಾವ ಸರಕಾರದ ಬಾಗಿಲಿಗೆ ಅರ್ಜಿಯನ್ನು ಒಯ್ಯಬೇಕು? ಅಂಧರಿಗೆ ಅಕ್ಷರ ಕಲಿಸುವ ಪಾಠಶಾಲೆಗಳು ದೇಶದಲ್ಲಿ ಇರದೆ ಇರಲಿಲ್ಲ. 1887ರಲ್ಲಿ ಅಮೃತಸರದಲ್ಲಿ ಮಿಶನರಿ ಮಹಿಳೆಯೊಬ್ಬರು ಅಂಥ ಮೊದಲ ಶಾಲೆಯನ್ನು ತೆರೆದಿದ್ದರು. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ ಕಿವುಡ ಮೂಕರಿಗೂ ಅಂಧರಿಗೂ ಶಾಲೆಯಾಗಿತ್ತು, ಮುಂಬಯಿಯಲ್ಲಿಯೂ ಇದ್ದವು. ಆದರೆ ಹೊಲದ ಬದುವಿನಾಚೆ ಮಗನನ್ನು ಒಬ್ಬನೇ ಬಿಡಲಂಜುವ ತಾಯಿಗೆ ಮೈಸೂರೂ ಒಂದೇ, ಮುಂಬಯಿಯೂ ಒಂದೇ, ವಿಲಾಯತಿಯೂ ಒಂದೇ. ಎಲ್ಲೆಗಳನ್ನು ಲೆಕ್ಕಿಸದೆ ಜನರು ಸೇರುತ್ತಿದ್ದುದು ಜಾತ್ರೆಗಳಲ್ಲಿ, ಮಠಗಳಲ್ಲಿ, ನಾಟಕದ ಥೇಟರುಗಳಲ್ಲಿ. ಆದುದರಿಂದ ಗವಾಯಿಗಳ ಶಾಲೆಯು ಆ ಹಾದಿಗಳನ್ನೇ ಹಿಡಿದು ಮಕ್ಕಳಿದ್ದೆಡೆಗೆ ತಾನೇ ನಡೆದುಹೋಯಿತು.

ನಾಟಕದ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಂತು ಮುಂದೆ ಹೋಗೋಣ, ಏಕೆಂದರೆ ಈ ಇತಿಹಾಸದಲ್ಲಿ ವಿದ್ಯೆಯು ಉದ್ಯೋಗವಾಗಿ ಮಾರ್ಪಟ್ಟ ಎಡೆಯೇ ಅದು. ಕನ್ನಡದ ವೃತ್ತಿರಂಗಭೂಮಿಗೆ ಗದಗು ತವರುಮನೆ. 1870ರ ದಶಕದಲ್ಲಿಯೇ ಶಾಂತಕವಿಗಳು ಇಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ, ಮರಾಠಿ ನಾಟಕಗಳ ಪ್ರವಾಹಕ್ಕೆ ಎದುರಾಗಿ ಕನ್ನಡವನ್ನು ರಂಗಕ್ಕೆ ತಂದರು. ಶಿರಹಟ್ಟಿಯ ವೆಂಕೋಬರಾಯರ ಕಂಪನಿಯೂ, ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿಯೂ ಮುಂದೆ ನಾಡನ್ನೆಲ್ಲ ಸುತ್ತಿದವು. ಆ ಕಾಲದ ನಾಟಕವೆಂದರೆ ಸಂಗೀತವೇ. ಪೇಟಿ ಮಾಸ್ತರನಿಲ್ಲದೆ ಪರದೆಯು ಏಳುತ್ತಿರಲಿಲ್ಲ. ರಂಗದ ಮುಂದಣ ತಗ್ಗಿನಲ್ಲಿ ಕುಳಿತು, ನಟನ ಉಸಿರನ್ನು ಕೇಳಿ ಪದಕ್ಕೆ ಸುರು ಕೊಡುವ ಆ ಕೆಲಸಕ್ಕೆ ಬೇಕಾದದ್ದು ಕಿವಿ, ಸ್ಮೃತಿ, ಕೈಬೆರಳು; ಕಣ್ಣು ಬೇಕಾಗಿರಲಿಲ್ಲ. ಪಂಚಾಕ್ಷರ ಗವಾಯಿಗಳು ಇದನ್ನು ಗುರುತಿಸಿದರು. ತಮ್ಮ ಶಿಷ್ಯರನ್ನೇ ಕೂಡಿಸಿಕೊಂಡು ನಾಟಕ ಸಂಘವೊಂದನ್ನು ಕಟ್ಟಿದರು. ಅದರ ಆದಾಯದಿಂದ ಪಾಠಶಾಲೆಯ ಒಲೆ ಉರಿಯಿತು. ಕಲಿತ ಹುಡುಗರಿಗೆ ಅದೇ ಮೊದಲನೆಯ ನೌಕರಿಯೂ ಆಯಿತು. ಶಾಲೆಯೂ ಕಾರ್ಯಶಾಲೆಯೂ ಒಂದೇ ಡೇರೆಯೊಳಗೆ ಇದ್ದ ಈ ವ್ಯವಸ್ಥೆಯನ್ನು ನಾನು ಅವರ ಗಾಯನದಷ್ಟೇ ದೊಡ್ಡ ಪ್ರತಿಭೆಯೆಂದು ಎಣಿಸುತ್ತೇನೆ. ಜೀವನೋಪಾಯವನ್ನು ತೋರದೆ ಕೊಟ್ಟ ವಿದ್ಯೆಯು ಕಣ್ಣಿಲ್ಲದವನನ್ನು ಮತ್ತೆ ಅದೇ ತೇರಿನ ಬೀದಿಗೆ ತಂದು ಕೂರಿಸೀತೆಂಬುದನ್ನು, ಆ ಬೀದಿಯ ಅಂಚಿನಿಂದಲೇ ಎದ್ದು ಬಂದ ಅವರು ಬಲ್ಲವರಾಗಿದ್ದರು.

ಬೋಧನೆಯ ಕ್ರಮವಾದರೂ ವಿಶಿಷ್ಟವಾದುದು. ಪಂಚಾಕ್ಷರ ಗವಾಯಿಗಳ ಮುಂದೆ ಕುಳಿತ ಶಿಷ್ಯನಿಗೆ ಗುರುವಿನ ಮುಖವು ಕಾಣದು, ಗುರುವಿಗೆ ಶಿಷ್ಯನ ಬೆರಳು ಕಾಣದು. ಹುಡುಗನ ಕೈಯನ್ನು ಹಿಡಿದು ಪೇಟಿಯ ಮನೆಗಳ ಮೇಲೆ ಒಂದೊಂದಾಗಿ ಇಡಿಸಬೇಕು; ತಬಲೆಯ ಶಾಯಿಯ ಅಂಚನ್ನು ಅಂಗೈಗೆ ಪರಿಚಯ ಮಾಡಿಸಬೇಕು; ಬೋಲುಗಳನ್ನು ಮೊದಲು ಬಾಯಲ್ಲಿ ನುಡಿಸಿ, ನಾಲಗೆಗೆ ಹತ್ತಿದ ಮೇಲೆ ಕೈಗೆ ಇಳಿಸಬೇಕು. ಬರೆದುಕೊಳ್ಳುವ ವಹಿಯಿಲ್ಲ, ಚೀಜು ಕಂಠದಲ್ಲಿ ನಿಲ್ಲುವವರೆಗೆ ಮುಂದಿನ ಪಾಠವಿಲ್ಲ. ಬೆಳಗಿನ ಜಾವದ ಖರ್ಜದ ಸಾಧನೆಯಲ್ಲಿ ಷಡ್ಜವೊಂದು ಕೂದಲೆಳೆಯಷ್ಟು ಇಳಿದರೂ ಗುರುವಿನ ಕಿವಿಯು ಅದನ್ನು ಬಿಡುವಂತಿಲ್ಲ. ಗುರುವೂ ಕಣ್ಣಿಲ್ಲದವನೆಂಬುದು ಶಿಷ್ಯನಿಗೆ ದೊರೆತ ದೊಡ್ಡ ಧೈರ್ಯ. ತನ್ನಂಥವನೊಬ್ಬನು ಇಷ್ಟು ದೂರ ನಡೆದು ಬಂದಿದ್ದಾನೆಂಬುದಕ್ಕೆ ಬೇರೆ ಸಾಕ್ಷಿಯನ್ನು ಹುಡುಕುವ ಕಾರಣವಿರಲಿಲ್ಲ. ಅದೇ ಕಾರಣದಿಂದ ನೆಪಕ್ಕೂ ಅಲ್ಲಿ ಎಡೆಯಿರಲಿಲ್ಲ. ಕಾಣುವುದಿಲ್ಲವೆಂಬ ಮಾತನ್ನು ಕಾಣದ ಗುರುವಿನ ಮುಂದೆ ಹೇಳುವುದಾದರೂ ಹೇಗೆ?

ದೃಷ್ಟಿಯುಳ್ಳ ಮಕ್ಕಳೂ ಈ ಅಂಧ ಗುರುವಿನ ಬಳಿಗೆ ವಿದ್ಯಾರ್ಥಿಗಳಾಗಿ ಬಂದರು. ಧಾರವಾಡ ಸೀಮೆಯ ಯಲಿವಾಳದ ಬಸವರಾಜ ರಾಜಗುರು ಎಂಬ ಬಾಲಕನನ್ನು ಗವಾಯಿಗಳು ತಮ್ಮ ಬಳಿ ಇರಿಸಿಕೊಂಡು ತಿದ್ದಿದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರ್ಷದ ಉತ್ಸವವು ಜರುಗಿದಾಗ ಆ ತರುಣನು ಮಹಾಸಭೆಯೆದುರು ಹಾಡಿದನು, ಗುರುಗಳು ತಾವೇ ತಬಲೆಗೆ ಕುಳಿತರು. ಶಿಷ್ಯನ ಮೊದಲ ದೊಡ್ಡ ಪರೀಕ್ಷೆಯ ದಿನ ಗುರುವು ಸಾಥಿಯ ಸ್ಥಾನದಲ್ಲಿ ಕುಳಿತುಕೊಳ್ಳುವುದೆಂದರೇನೆಂದು ಸಂಗೀತಗಾರರ ನಡುವೆ ಬಾಳಿದವರಿಗೆ ವಿವರಿಸಬೇಕಾಗಿಲ್ಲ. ಕಣ್ಣುಳ್ಳ ಬಡ ಹುಡುಗರೂ ಕಣ್ಣಿಲ್ಲದ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಕಂಬಳಿಯ ಮೇಲೆ ಕುಳಿತು, ಒಂದೇ ರಾಗಕ್ಕೆ ಗದರಿಸಿಕೊಂಡು ಬೆಳೆದರು. ಸಮನ್ವಯ ಶಿಕ್ಷಣವೆಂಬ ಶಬ್ದವು ಶಾಸನಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹುಕಾಲ ಮುಂಚೆಯೇ ನಮ್ಮ ಸೀಮೆಯು ಅದನ್ನು ಆಚರಿಸಿತ್ತು.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದ ಮೇಲೂ ಶಾಲೆಯ ಸಂಚಾರವು ನಿಲ್ಲಲಿಲ್ಲ. ಕೊನೆಗೆ, ಹುಬ್ಬಳ್ಳಿ-ಗುಂತಕಲ್ಲು ಮಾರ್ಗವೂ ಸೊಲ್ಲಾಪುರದ ಮಾರ್ಗವೂ ಕೂಡುವ, ಅರಳೆಯ ಪೇಟೆಯಿಂದಲೂ ಬೆಟಗೇರಿಯ ಮಗ್ಗಗಳಿಂದಲೂ ತುಂಬಿದ ಗದಗಿನಲ್ಲಿ ಬಸರಿಗಿಡದ ವೀರಪ್ಪನವರೆಂಬ ದಾನಿಗಳು ಜಾಗವನ್ನು ಕೊಟ್ಟರು. 1942ರಲ್ಲಿ ಅಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಇಪ್ಪತ್ತೆಂಟು ವರ್ಷ ಅಲೆದ ಶಾಲೆಗೆ ಹೀಗೆ ಒಂದು ಅಂಗಳವು ದೊರೆತ ಎರಡೇ ವರ್ಷಗಳಲ್ಲಿ, 1944ರ ಜೂನ್ ತಿಂಗಳಲ್ಲಿ, ಪಂಚಾಕ್ಷರ ಗವಾಯಿಗಳು ದೇಹವನ್ನು ಬಿಟ್ಟರು.

ಆಶ್ರಮದ ಭಾರವು ಮೂವತ್ತು ವರ್ಷದ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಂದಿತು. ಅವರೂ ಹಾನಗಲ್ಲ ತಾಲೂಕಿನವರೇ, ದೇವಗಿರಿಯವರು. 1914ರ ಮಾರ್ಚ್ 3ರಂದು, ಅಂದರೆ ಸಂಚಾರಿ ಪಾಠಶಾಲೆಯು ಹುಟ್ಟಿದ ವರ್ಷದಲ್ಲಿಯೇ, ಹುಟ್ಟಿದವರು. ಕೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡು, ಎಳವೆಯಲ್ಲಿಯೇ ತಂದೆತಾಯಿಗಳಿಂದ ಅಗಲಿದ ಆ ಮಗುವು ಪೇಟಿಯ ಮೇಲೆ ತಾನಾಗಿಯೇ ಬೆರಳಾಡಿಸುತ್ತಿದ್ದುದನ್ನು ಕಂಡು, ಸೋದರಮಾವನಾದ ಚಂದ್ರಶೇಖರಯ್ಯನವರು ಅವನನ್ನು ತಂದು ಗವಾಯಿಗಳ ಮಡಿಲಿಗೆ ಹಾಕಿದರು. ಈ ಸೋದರಮಾವನ ಹೆಸರನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಕುಮಾರಸ್ವಾಮಿಗಳಂಥ ಯುಗಪುರುಷರನ್ನು ಇತಿಹಾಸವು ತಾನಾಗಿಯೇ ನೆನೆಯುತ್ತದೆ. ಮಗುವಿನ ಬೆರಳನ್ನು ಗಮನಿಸಿ, ಇವನಿಗೆ ಇಂಥ ಗುರುವು ಬೇಕೆಂದು ನಿಶ್ಚಯಿಸಿ, ಎತ್ತಿಕೊಂಡು ಹೋಗುವ ಮನೆಯ ಮನುಷ್ಯನನ್ನು ಮರೆಯುತ್ತದೆ. ಆತನಿಲ್ಲದೆ ಗುರುವಿಗೆ ಶಿಷ್ಯನೇ ದೊರೆಯನು.

ಪುಟ್ಟರಾಜ ಗವಾಯಿಗಳು ಅರುವತ್ತಾರು ವರ್ಷಕಾಲ ಪುಣ್ಯಾಶ್ರಮವನ್ನು ನಡೆಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಪುರಾಣ, ನಾಟಕ, ಕಾವ್ಯಗಳನ್ನು ರಚಿಸಿದರು. ಹಿಂದಿಯಲ್ಲಿ ಬಸವಪುರಾಣವನ್ನು ಬರೆದರು. ಬ್ರೈಲ್ ಲಿಪಿಯಲ್ಲಿ ಭಗವದ್ಗೀತೆಯನ್ನು ಸಿದ್ಧಪಡಿಸಿದರು. ಹೇಮರಡ್ಡಿ ಮಲ್ಲಮ್ಮನ ನಾಟಕವನ್ನು ಕಂಪನಿಯ ಮೂಲಕ ಹಳ್ಳಿಹಳ್ಳಿಗೆ ಮುಟ್ಟಿಸಿದರು. 2010ರಲ್ಲಿ ಭಾರತ ಸರಕಾರವು ಪದ್ಮಭೂಷಣವನ್ನಿತ್ತು ಗೌರವಿಸಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಗದಗಿನಲ್ಲಿಯೇ ಲಿಂಗೈಕ್ಯರಾದರು. ಪ್ರಶಸ್ತಿಗಳ ಪಟ್ಟಿಯನ್ನು ಬೆಳೆಸುವುದಕ್ಕಿಂತ, ಆಶ್ರಮದ ಅನ್ನದ ಲೆಕ್ಕವನ್ನು ಅವರು ಹೇಗೆ ತೂಗಿಸಿದರೆಂಬುದನ್ನು ಹೇಳುವುದು ಲೇಸು. ಭಕ್ತರು ತಮ್ಮೂರಿಗೆ ಕರೆಸಿ, ತಕ್ಕಡಿಯ ಒಂದು ತಟ್ಟೆಯಲ್ಲಿ ಅವರನ್ನು ಕೂರಿಸಿ, ಇನ್ನೊಂದರಲ್ಲಿ ನಾಣ್ಯಗಳನ್ನು ಸುರಿದು ತುಲಾಭಾರವನ್ನು ಮಾಡುತ್ತಿದ್ದರು. ಇಳಿವಯಸ್ಸಿನಲ್ಲಿಯೂ ಅವರು ಊರೂರಿಗೆ ಹೋಗಿ ತಕ್ಕಡಿಯನ್ನೇರುತ್ತಿದ್ದರು. ಆ ಹಣವೆಲ್ಲ ಮಕ್ಕಳ ದಾಸೋಹಕ್ಕೆ. ಒಬ್ಬ ವೃದ್ಧನ ಮೈತೂಕದಿಂದ ನೂರಾರು ಮಕ್ಕಳು ಉಂಡು ಓದಿದರೆಂಬುದು ಅಲಂಕಾರದ ಮಾತಲ್ಲ, ನಡೆದ ಸಂಗತಿ.

1968ರಲ್ಲಿ ಬಳ್ಳಾರಿ ಸೀಮೆಯ ತೊಗಲುಗೊಂಬೆಯ ಕಲಾವಿದ ಬೆಳಗಲ್ಲು ವೀರಣ್ಣನವರು ತಮ್ಮ ಸೋದರಳಿಯ ವೆಂಕಟೇಶಕುಮಾರನೆಂಬ ಬಾಲಕನನ್ನು ಇಲ್ಲಿಗೆ ತಂದು ಬಿಟ್ಟರು. ಹನ್ನೆರಡು ವರ್ಷ ಆಶ್ರಮದ ಅನ್ನವನ್ನುಂಡು ಕಲಿತ ಆ ಬಾಲಕನು ಇಂದು ದೇಶವೇ ಬಲ್ಲ ಗಾಯಕ. ಮತ್ತೆ ಒಬ್ಬ ಸೋದರಮಾವ! ಆದರೆ ಕೀರ್ತಿಶಾಲಿಗಳ ಹೆಸರುಗಳಿಂದಲೇ ಆಶ್ರಮವನ್ನು ಅಳೆಯುವುದು ನ್ಯಾಯವಲ್ಲ. ಶಾಲೆಯ ಸಂಗೀತ ಶಿಕ್ಷಕನಾಗಿ, ಪುರಾಣದ ಗವಾಯಿಯಾಗಿ, ಕಂಪನಿಯ ತಬಲಜಿಯಾಗಿ, ಮನೆಮನೆಗೆ ಪಾಠ ಹೇಳುವ ಮಾಸ್ತರನಾಗಿ, ಹೆಂಡಿರು ಮಕ್ಕಳನ್ನು ಸಾಕಿ, ತಂಗಿಯ ಮದುವೆಯನ್ನು ಮಾಡಿ, ಊರಲ್ಲಿ ತಲೆಯೆತ್ತಿ ಬಾಳಿದ ಅನಾಮಿಕ ಅಂಧ ಶಿಷ್ಯರೇ ಅದರ ನಿಜವಾದ ಅಳತೆ.

ಇಷ್ಟನ್ನು ಭಕ್ತಿಯಿಂದ ಹೇಳಿದ ಮೇಲೆ, ಮನಸ್ಸಿನಲ್ಲಿರುವ ಕೊರಗೊಂದನ್ನು ಮುಚ್ಚಿಡುವುದು ಸರಿಯಲ್ಲ. ಗದಗಿನ ಆ ಮಹಾದ್ವಾರವು ಸಂಗೀತದ ದ್ವಾರ. ಕಂಠವಿಲ್ಲದ, ಲಯದ ಕಿವಿಯಿಲ್ಲದ ಅಂಧ ಬಾಲಕನಿಗೆ ಏನು ದಾರಿ? ಕಿವಿಯೇ ಕೇಳದ ಹುಡುಗಿಗೆ? ಪೋಲಿಯೋದಿಂದ ಕಾಲು ಸೋತು, ಬುದ್ಧಿಯಲ್ಲಿ ಎಲ್ಲರಿಗಿಂತ ಮುಂದಿದ್ದು, ಮುಂಡರಗಿಯ ಹಳ್ಳಿಯೊಂದರಿಂದ ಕಾಲೇಜಿನ ಬಸ್ಸಿನ ಮೆಟ್ಟಿಲನ್ನು ಹತ್ತಲಾರದವನಿಗೆ? ಕಣ್ಣಿಲ್ಲದವರೆಂದರೆ ಹಾಡುವವರೆಂದು ತಿಳಿಯುವ ನಮ್ಮ ಪ್ರೀತಿಯ ಅಭ್ಯಾಸವೇ, ಗಣಿತವನ್ನೋ ಕಾನೂನನ್ನೋ ಓದಬಯಸುವ ಅಂಧ ತರುಣನಿಗೆ ಅಡ್ಡಗೋಡೆಯಾಗಿ ನಿಂತೀತು. ಇದು ಗವಾಯಿಗಳ ದೋಷವಲ್ಲ. ಅವರು ತಮ್ಮ ಕಾಲದ ಸಮಾಜದಲ್ಲಿ ಸಂಬಳವಿದ್ದ, ಮರ್ಯಾದೆಯಿದ್ದ, ಕಣ್ಣು ಬೇಡದ ವೃತ್ತಿಯನ್ನು ಹುಡುಕಿ, ಅದರಲ್ಲಿ ತಮ್ಮ ಮಕ್ಕಳನ್ನು ನಿಲ್ಲಿಸಿದರು. ನಮ್ಮ ಕಾಲದ ವೃತ್ತಿಗಳನ್ನು ಹುಡುಕಬೇಕಾಗಿದ್ದವರು ನಾವು.

ಕಾನೂನಿನ ಬಲವು ಈಗ ಬೇಕಾದಷ್ಟು ಇದೆ. 1995ರ ಅಧಿನಿಯಮವು ಸರಕಾರಿ ಹುದ್ದೆಗಳಲ್ಲಿ ಶೇಕಡಾ 3ರಷ್ಟನ್ನು ವಿಕಲಚೇತನರಿಗೆ ಮೀಸಲಿಟ್ಟಿತು. 2016ರ ಅಧಿನಿಯಮವು ಅದನ್ನು ಶೇಕಡಾ 4ಕ್ಕೆ ಏರಿಸಿ, ಉಚ್ಚಶಿಕ್ಷಣದಲ್ಲಿ ಶೇಕಡಾ 5ರಷ್ಟು ಸ್ಥಾನಗಳನ್ನು ಕಾದಿರಿಸಿ, 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಮಿಗಿಲು. ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರ ಮೇಲೆ ತಾಲೂಕಿಗೊಬ್ಬರು ಎಂಬ ಏರ್ಪಾಡನ್ನು ನಮ್ಮ ರಾಜ್ಯವು ಮಾಡಿದೆ. ಆ ಕಾರ್ಯಕರ್ತರೂ ವಿಕಲಚೇತನರೇ ಎಂಬುದರಲ್ಲಿ, ಕಾಣದವನೇ ಕಾಣದವನಿಗೆ ಗುರುವಾದ ಪಂಚಾಕ್ಷರ ಗವಾಯಿಗಳ ಪದ್ಧತಿಯ ಛಾಯೆಯನ್ನು ನಾನು ಕಾಣುತ್ತೇನೆ. ಆದರೆ ಮೀಸಲಾದ ಹುದ್ದೆಯು ಒಂದು ಕಡೆ, ಹಳ್ಳಿಯ ಮನೆಯ ಒಳಕೋಣೆಯಲ್ಲಿ ಕುಳಿತ ಮಗುವು ಇನ್ನೊಂದು ಕಡೆ. ನಡುವೆ ಇರುವುದು ಹದಿನೈದು ಇಪ್ಪತ್ತು ವರ್ಷಗಳ ದಾರಿ. ಪ್ರಮಾಣಪತ್ರಕ್ಕೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವವರು, ಪರೀಕ್ಷೆಯಲ್ಲಿ ಬರೆದುಕೊಡುವವನನ್ನು ಹುಡುಕುವವರು, ಒಮ್ಮೆ ನಪಾಸಾದಾಗ ಮನೆಗೆ ಬಂದು ಮತ್ತೆ ಕಟ್ಟೆಂದು ಹೇಳುವವರು, ಅರ್ಜಿಯ ಕೊನೆಯ ತಾರೀಖನ್ನು ನೆನಪಿಡುವವರು ಈ ದಾರಿಯುದ್ದಕ್ಕೂ ಬೇಕು. ಕುಮಾರಸ್ವಾಮಿಗಳು ಮಾಡಿದ್ದು ಇದನ್ನೇ: ಗದಿಗೆಯ್ಯನನ್ನು ಹೆಸರು ಹಿಡಿದು ಆರಿಸಿಕೊಂಡು, ಅವನು ದುಡಿದುಣ್ಣುವ ತನಕ ಕೈಬಿಡಲಿಲ್ಲ.

1905ರಲ್ಲಿ ಭಾರತದ ಮೊದಲ ಕೃಷಿ ಸಹಕಾರ ಸಂಘವನ್ನು ಕಟ್ಟಿದ್ದು ಗದಗಿನ ಬಳಿಯ ಕಣಗಿನಹಾಳದ ರೈತರು. ಬೇರೆಯವರು ಮಾಡಲೆಂದು ಕಾಯದೆ ಕೂಡಿಕೊಂಡು ಮಾಡುವ ಗುಣವು ಈ ನೆಲಕ್ಕೆ ಹೊಸದಲ್ಲ. ಆದುದರಿಂದ ಗದಗ-ಬೆಟಗೇರಿಯ ಮುದ್ರಣಾಲಯಗಳ ಮಾಲೀಕರಲ್ಲಿ, ಅರಳೆ ಮತ್ತು ಜವಳಿಯ ವರ್ತಕರಲ್ಲಿ, ಲಕ್ಷ್ಮೇಶ್ವರ ಶಿರಹಟ್ಟಿ ಮುಂಡರಗಿಗಳ ಮುಖ್ಯೋಪಾಧ್ಯಾಯರಲ್ಲಿ, ನಿವೃತ್ತ ನೌಕರರಲ್ಲಿ, ಮಠಗಳ ಪೂಜ್ಯರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ನಿಮ್ಮ ಓಣಿಯಲ್ಲಿ, ನಿಮ್ಮ ಊರಿನಲ್ಲಿ ಇಂಥ ಒಬ್ಬ ಹುಡುಗನು, ಒಬ್ಬ ಹುಡುಗಿಯು ಇದ್ದೇ ಇರುತ್ತಾರೆ. ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದಾಗ ಆ ಒಬ್ಬರ ಮನೆಗೆ ಹೋಗಿರಿ, ಹೆಸರನ್ನು ಕೇಳಿರಿ, ಏನನ್ನು ಕಲಿಯಬೇಕೆಂಬ ಆಸೆಯಿದೆಯೆಂದು ತಾಯಿಯನ್ನಲ್ಲ, ಆ ಮಗುವನ್ನೇ ಕೇಳಿರಿ, ಮೊದಲನೆಯ ಸಂಬಳವು ಅದರ ಕೈಗೆ ಬರುವ ದಿನದವರೆಗೆ ಜೊತೆಯಲ್ಲಿ ನಡೆಯಿರಿ.